ಶಾಲೆ ಲೈಬ್ರರಿಗೆ ಈ ವರ್ಷದ ಕನ್ನಡ ಪುಸ್ತಕ: ನನ್ನ ಪಟ್ಟಿ ಇದು, ಬೈಯುವವರು ಬೈಯಬಹುದು

ಲೈಬ್ರರಿ ಮೇಡಂ (ಉಡುಪಿ)
ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ತೇನೆ. ಈ ವರ್ಷ ಕನ್ನಡಕ್ಕೇ ಅಂತ ಹದಿನೈದು ಸಾವಿರ ಬೇರೆ ತೆಗೆದಿಟ್ಟಿದ್ದಾರೆ. ಹಿಂದೆಲ್ಲ ಇಂಗ್ಲಿಷ್ ಪುಸ್ತಕ ತಗೊಂಡು ಉಳಿದ ದುಡ್ಡಿಗೆ ಕನ್ನಡ, ಅದೂ ಏಜೆಂಟ್ ಚೀಲದಲ್ಲಿ ತಂದದ್ದನ್ನು ಹಾಗೇ ಇಳಿಸಿಕೊಳ್ಳುವುದು. ಒಂದೇ ರಾಷ್ಟ್ರನಾಯಕರ ಜೀವನಚರಿತ್ರೆ ಮೂರು ಬೇರೆ ಬೇರೆ ಪ್ರಕಾಶನದ್ದು ಕಪಾಟಿನಲ್ಲಿ ಸಾಲಾಗಿ ಕೂತಿದೆ, ಮೂರನ್ನೂ ಯಾರೂ ಮುಟ್ಟಿಲ್ಲ.

ಈ ಸಲ ನಾನು ಓದಿಯೇ ಆರಿಸಿದ್ದೇನೆ. ಹೊಸತರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’. ಈ ಮೂರೂ ಕಾದಂಬರಿ, ಏಳನೆಯಿಂದ ಮೇಲಿನವರಿಗೆ. ಸಣ್ಣವರಿಗೆ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, ಅದರ ಜೊತೆ ಹಂದಿಹಾಳ ಶಿವಲಿಂಗಪ್ಪನವರ ‘ನೋಟ್‌ಬುಕ್’. ಹೊಸತಲ್ಲದಿದ್ದರೂ ನಮ್ಮಲ್ಲಿ ಇಲ್ಲದ್ದು: ಜಪಾನಿನ ‘ತೊತ್ತೋಚಾನ್’ ಕನ್ನಡ ಅನುವಾದ, ವೈದೇಹಿಯವರ ಮಕ್ಕಳ ನಾಟಕಗಳು, ತೇಜಸ್ವಿಯವರ ‘ಕಾಡಿನ ಕಥೆಗಳು’.

ಕೇಳುವುದು ಎರಡು. ಏನು ಬಿಟ್ಟುಹೋಗಿದೆ? ಮತ್ತೆ, ಹೆಚ್ಚು ಪುಸ್ತಕ ಒಂದೊಂದು ಪ್ರತಿ ತರಿಸುವುದಾ, ಕಮ್ಮಿ ಪುಸ್ತಕ ನಾಲ್ಕು ನಾಲ್ಕು ಪ್ರತಿ ತರಿಸುವುದಾ? ಆಡಳಿತದವರಿಗೆ ರಿಜಿಸ್ಟರಿನಲ್ಲಿ ಹೊಸ ಹೆಸರು ಜಾಸ್ತಿ ಕಂಡರೆ ಖುಷಿ. ನನಗೆ ನಾಲ್ಕು ಪ್ರತಿಯೇ ಸರಿ ಅನಿಸುತ್ತದೆ.

ಕುಂದಾಪ್ರದ ಮಾಣಿ
ಹ್ವಾಯ್ ಮೇಡಮ್ಮೋರೆ, ಹಾಲಾಡಿ ಅಂದ್ರೆ ನಮ್ ಊರ್ ಬದಿ! ಅದನ್ನ್ ಮೊದ್ಲ್ ತರ್ಸಿ. ಬಾಕಿದ್ದೆಲ್ಲ ಆಮೇಲ್ ಕಾಂಬ.

ಒರಟು ಓದುಗ
ಇದು ಪಟ್ಟಿಯಾ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪತ್ರಿಕಾ ಪ್ರಕಟಣೆಯಾ? ಹೊಸತು ಅಂತ ಹಾಕಿದ ಐದಕ್ಕೆ ಐದೂ ಅವರ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು. ದೊಡ್ಡವರು ಕೂತು ದೊಡ್ಡವರಿಗೆ ಕೊಡುವ ಪ್ರಶಸ್ತಿ ಅದು. ತೀರ್ಪುಗಾರರಲ್ಲಿ ಹತ್ತು ವರ್ಷದ ಒಬ್ಬ ಮಾಣಿಯಾದರೂ ಇದ್ದಾನಾ?

ಲೈಬ್ರರಿ ಮೇಡಂ (ಉಡುಪಿ)
ನ್ಯಾಯವಾದ ಪ್ರಶ್ನೆ. ಆದರೆ ಕನ್ನಡದಲ್ಲಿ ಮಕ್ಕಳಿಗೆ ಈ ವರ್ಷ ಏನು ಬಂತು ಅಂತ ಗೊತ್ತಾಗುವುದಾದರೂ ಹೇಗೆ ಹೇಳಿ? ಪೇಪರಿನಲ್ಲಿ ಮಕ್ಕಳ ಪುಸ್ತಕದ ವಿಮರ್ಶೆ ಅಪರೂಪ. ಪ್ರಕಾಶಕರ ಕ್ಯಾಟಲಾಗ್ ನಮ್ಮ ತನಕ ಬರುವುದಿಲ್ಲ. ಪ್ರಶಸ್ತಿ ಬಂದರೆ ಹೆಸರು ಕಿವಿಗೆ ಬೀಳುತ್ತದೆ, ಅಂಗಡಿಯವರೂ ತರಿಸಿಡುತ್ತಾರೆ. ಅಲ್ಲಿಂದ ಶುರು ಮಾಡಿದೆ ಅಷ್ಟೇ. ಪ್ರಶಸ್ತಿ ಬಂದ ಇನ್ನೂ ಕೆಲವು ಓದಿದೆ, ಅದನ್ನು ಪಟ್ಟಿಗೆ ಹಾಕಲಿಲ್ಲ. ಯಾವುದು ಅಂತ ಇಲ್ಲಿ ಹೇಳುವುದಿಲ್ಲ.

ಗಾಳಿಮಳೆ
ಹೇಳಿ ಹೇಳಿ 😀

ಬಜಪೆ ಅಪ್ಪ
ಸೂರಕ್ಕಿ ಗೇಟ್‌ಗೆ 2022ರಲ್ಲಿ ಬಂದದ್ದಲ್ವಾ? ಪೇಪರಿನಲ್ಲಿ ನೋಡಿದ ನೆನಪು.

ಪುತ್ತೂರಿನವಳು
ಅಲ್ಲ. 2022 ‘ಬಾವಲಿ ಗುಹೆ’, 2023 ‘ಸೂರಕ್ಕಿ ಗೇಟ್’, 2024 ಛೂಮಂತ್ರಯ್ಯ, 2025 ‘ನೋಟ್‌ಬುಕ್’. ‘ಓಡಿ ಹೋದ ಹುಡುಗ’ 2021. ಈ ಪುರಸ್ಕಾರ ಶುರುವಾದದ್ದು 2010ರಲ್ಲಿ, ಕನ್ನಡಕ್ಕೆ ಮೊದಲನೆಯದು ನಮ್ಮ ಬೊಳುವಾರರಿಗೆ, ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ. ಪುತ್ತೂರಿನವಳು ಅಂತ ಹೇಳಿಕೊಳ್ಳುವ ಅವಕಾಶ ಬಿಡುವುದಿಲ್ಲ. ಮೇಡಂ, ಅದು ನಿಮ್ಮ ಕಪಾಟಿನಲ್ಲಿ ಉಂಟಾ? ಮೂರು ಜೀವನಚರಿತ್ರೆಯಲ್ಲಿ ಒಂದನ್ನು ತೆಗೆದು ಅದನ್ನು ಇಡಿ.

ಮೂಡುಬಿದ್ರೆ ಮೇಷ್ಟ್ರು
ಪಳಕಳ ಸೀತಾರಾಮ ಭಟ್ಟರಿಗೂ ಆ ಪುರಸ್ಕಾರ ಬಂದಿದೆ, ನಮ್ಮ ಮಿಜಾರಿನವರು. ಪ್ರಾಸ ಅಂದರೆ ಅವರದ್ದು. ಎರಡನೇ ಕ್ಲಾಸಿನ ಮಕ್ಕಳಿಗೆ ಒಮ್ಮೆ ಹೇಳಿಕೊಟ್ಟರೆ ಮನೆಗೆ ಹೋಗುವಾಗ ರಸ್ತೆ ತುಂಬ ಅದೇ. ಪಂಜೆಯವರನ್ನಂತೂ ಬಿಡಲೇಬೇಡಿ. ‘ನಾಗರ ಹಾವೆ, ಹಾವೊಳು ಹೂವೆ’ ಹೇಳದೆ ಈ ಜಿಲ್ಲೆಯಲ್ಲಿ ಯಾರು ದೊಡ್ಡವರಾಗಿದ್ದಾರೆ?

ಇನ್ನೊಂದು, ಕಾರಂತರ ‘ಬಾಲ ಪ್ರಪಂಚ’. 1936ರಲ್ಲಿ ಒಬ್ಬರೇ ಕೂತು ಮೂರು ಸಂಪುಟ, ಮಕ್ಕಳಿಗೆ ವಿಶ್ವಕೋಶ! ಕೋಟದವರು ಅಂತ ಉಡುಪಿಯವರು ಪಾರ್ಕ್ ಮಾಡಿದರೆ ಸಾಕಾ, ಪುಸ್ತಕ ಬೇಡವಾ?

ಒರಟು ಓದುಗ
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೇನೆ. ಮೇಡಂ ಕೇಳಿದ್ದು ಹೊಸ ಪುಸ್ತಕ. 1936ರ ವಿಜ್ಞಾನವನ್ನು ಈಗಿನ ಮಗುವಿನ ಕೈಗೆ ಕೊಟ್ಟು ಏನು ಮಾಡುವುದು? ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ‘ಬಾಲ ಪ್ರಪಂಚ’ ರೆಫರೆನ್ಸ್ ಕಪಾಟಿನಲ್ಲಿ ಇರಲಿ, ದೊಡ್ಡವರು ನೋಡಲಿ. ನಮ್ಮೂರಿನ ಪಟ್ಟಿ ಮಾಡಿ ಅಂದರೆ ಪ್ರತಿ ಸಲ ಪಂಜೆ, ಕಾರಂತ, ಮುಗಿಯಿತು. ಆಮೇಲೆ ಯಾರೂ ಬರೆಯಲೇ ಇಲ್ವಾ?

ಮೂಡುಬಿದ್ರೆ ಮೇಷ್ಟ್ರು
ಬರೆದದ್ದನ್ನು ಓದಿದವರು ಯಾರು ಅಂತ ಕೇಳಿ ಮೊದಲು.

ಬಜಪೆ ಅಪ್ಪ
ಒಂದು ಮಾತು ಹೇಳ್ತೇನೆ, ಎಲ್ಲರೂ ಸೇರಿ ಹೊಡಿಬೇಡಿ. ಕತೆ ಕಾದಂಬರಿ ಎಲ್ಲ ಸರಿ. ಆದರೆ ಫೀಸು ಕಟ್ಟುವವರು ನಾವು. ಜನರಲ್ ನಾಲೆಜ್, ಕ್ವಿಜ್, ಸ್ಪರ್ಧಾತ್ಮಕ ಪರೀಕ್ಷೆಗೆ ಆಗುವಂಥದ್ದು ಅರ್ಧವಾದರೂ ಇರಲಿ. ನನ್ನ ಮಗ ಏಳನೇ ಕ್ಲಾಸು. ಅವನು ಲೈಬ್ರರಿಯಿಂದ ತರುವುದೇ ವಿಶ್ವದಾಖಲೆಗಳ ಪುಸ್ತಕ, ಅತಿ ಉದ್ದದ ಉಗುರು, ಅತಿ ದೊಡ್ಡ ದೋಸೆ. ಅದನ್ನಾದರೂ ಓದ್ತಾನಲ್ಲ.

ಉಳ್ಳಾಲದ ಅಮ್ಮ
ಅದೂ ಓದೇ ಸರ್, ಬೇಡ ಅಂದವರು ಯಾರು? ಆದರೆ ಅದಕ್ಕೆ ಶಾಲೆಯ ಕನ್ನಡದ ಹದಿನೈದು ಸಾವಿರ ಯಾಕೆ?

ನನ್ನ ಕಷ್ಟ ಬೇರೆ ಉಂಟು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ. ಮಗಳಿಗೆ ಹೊರಗೆ ತುಳು ಬರ್ತದೆ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಪಾಠಪುಸ್ತಕದಲ್ಲಿ ಮಾತ್ರ. ಆರನೇ ಕ್ಲಾಸಿಗೆ ಬಂದರೂ ‘ಸ್ವಾತಂತ್ರ್ಯ’ ಅಂತ ಓದುವಾಗ ಮಧ್ಯದಲ್ಲಿ ಉಸಿರು ತಗೊಳ್ತಾಳೆ. ಸುಲಭದ ಪುಸ್ತಕ ಕೊಡುವಾ ಅಂದರೆ ಅದರಲ್ಲಿ ಬೆಕ್ಕಿನಮರಿ, ಬಲೂನು. ಅವಳು ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪತ್ತೇದಾರಿ ಓದುವವಳು. ಬೆಕ್ಕಿನಮರಿ ನೋಡಿ "ಅಮ್ಮಾ, ನಾನು ಎಲ್ಕೆಜಿಯಾ" ಅಂತ ಕೇಳಿದಳು. ಕನ್ನಡ ಸುಲಭ ಇರಬೇಕು, ವಿಷಯ ಅವಳ ಪ್ರಾಯದ್ದು ಇರಬೇಕು. ಅಂಥದ್ದು ಏನಾದರೂ ಉಂಟಾ?

ಕಡಲಕರೆ
ಸ್ಟೋರಿವೀವರ್ ನೋಡಿ. ಪ್ರಥಮ್ ಬುಕ್ಸ್‌ನವರದ್ದು, 2015ರಿಂದ ಉಂಟು. ಕನ್ನಡದಲ್ಲಿ ಬೇಕಾದಷ್ಟು, ಪುಕ್ಸಟ್ಟೆ. ಒಂದರಿಂದ ನಾಲ್ಕರವರೆಗೆ ಹಂತ ಮಾಡಿದ್ದಾರೆ. ಮುಕ್ತ ಪರವಾನಗಿ, ಹಾಗಾಗಿ ಪ್ರಿಂಟ್ ತೆಗೆದು ಕ್ಲಾಸಿನಲ್ಲಿ ಹಂಚಿದರೂ ಯಾರೂ ಕೇಳುವುದಿಲ್ಲ.

ಉಳ್ಳಾಲದ ಅಮ್ಮ
ನೋಡಿದ್ದೇನೆ. ಮೂರು, ನಾಲ್ಕನೇ ಹಂತದ್ದು ಚೆನ್ನಾಗಿ ಉಂಟು, ಅದರಲ್ಲೂ ವಿಜ್ಞಾನದ್ದು. ಆದರೆ ಫೋನು ಕೈಗೆ ಕೊಟ್ಟರೆ ಕತೆ ಎರಡು ನಿಮಿಷ, ಆಮೇಲೆ ಎಲ್ಲಿಗೆ ಹೋಗ್ತಾಳೆ ಅಂತ ನಿಮಗೂ ಗೊತ್ತು.

ಲೈಬ್ರರಿ ಮೇಡಂ (ಉಡುಪಿ)
@ಉಳ್ಳಾಲದ ಅಮ್ಮ, ನಮ್ಮ ಕರಾವಳಿಯ ಶಾಲೆಗಳಲ್ಲಿ ಇದೇ ದೊಡ್ಡ ವಿಷಯ. ಇಲ್ಲಿನ ಅರ್ಧಕ್ಕರ್ಧ ಮಕ್ಕಳಿಗೆ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಪುಸ್ತಕದ ಕನ್ನಡ ಅವರಿಗೆ ಎರಡನೆಯದ್ದೋ ಮೂರನೆಯದ್ದೋ ಭಾಷೆ. ಇಂಗ್ಲಿಷಿನಲ್ಲಿ ಓಡುವ ಮಗು ಕನ್ನಡದಲ್ಲಿ ಅಂಬೆಗಾಲು. ಅವಮಾನ ಆಗ್ತದೆ, ಪುಸ್ತಕ ಮುಚ್ಚಿಡ್ತದೆ.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ನಾಟಕ. ವೈದೇಹಿಯವರದ್ದು ಪಟ್ಟಿಯಲ್ಲಿ ಹಾಕಿದ್ದು ಅದಕ್ಕೇ. ‘ನಾಯಿಮರಿ ನಾಟಕ’, ‘ಗೊಂಬೆ ಮ್ಯಾಕ್‌ಬೆತ್’, ‘ಢಣಾಡಂಗೂರ’. ನನ್ನ ಸ್ವಂತ ಒಂದು ಪ್ರತಿಯಿಂದ ಎರಡು ಪುಟ ಕೈಯಲ್ಲಿ ಬರೆದು ಹಂಚಿದ್ದೆ. ರಂಗಸಜ್ಜಿಕೆ ಇಲ್ಲ, ಬಾಯಿಪಾಠ ಇಲ್ಲ, ಲೈಬ್ರರಿ ಪೀರಿಯಡ್ಡಿನಲ್ಲಿ ಕೂತಲ್ಲೇ ಪಾತ್ರ ಹಂಚಿಕೊಂಡು ಓದುವುದು. ನಾಟಕದ ಮಾತು ಗಿಡ್ಡ, ಆಡುವ ಕನ್ನಡ, ಒಂದು ಸಾಲು ಮುಗಿಸಿದರೆ ಮುಂದಿನವರ ಸರದಿ. ಪಾಠಪುಸ್ತಕದ ಒಂದು ಪ್ಯಾರಾ ಓದಲು ಎದ್ದು ನಿಂತರೆ ಬೆವರುವ ಒಬ್ಬ ಹುಡುಗ ಇದ್ದಾನೆ, ಒತ್ತಕ್ಷರ ಬಂದಲ್ಲೆಲ್ಲ ಬೆರಳು ನಿಲ್ಲುತ್ತದೆ. ಅವನು ತನ್ನ ನಾಲ್ಕು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಬೇರೆಯವರು ಓದುವಾಗ ತುಟಿ ಆಡಿಸ್ತಾ ತಯಾರಾಗ್ತಿದ್ದ. ಸರದಿ ಬಂದಾಗ ಸ್ವರ ಬದಲಿಸಿ ಹೇಳಿದ. ಕ್ಲಾಸು ನಕ್ಕಿತು, ಈ ಸಲ ತಮಾಷೆಗೆ. ಮುಂದಿನ ವಾರ ಬಂದು "ಮೇಡಂ, ಇವತ್ತು ದೊಡ್ಡ ಪಾತ್ರ ಕೊಡಿ" ಅಂದ.

ನಾಲ್ಕು ನಾಲ್ಕು ಪ್ರತಿ ಬೇಕು ಅಂತ ನಾನು ಹಟ ಮಾಡುವುದೂ ಇದಕ್ಕೆ. ಒಂದೇ ಪ್ರತಿ ಇದ್ದರೆ ಒಬ್ಬರು ಓದ್ತಾರೆ, ಉಳಿದವರು ಕಿಟಕಿ ಹೊರಗೆ ನೋಡ್ತಾರೆ.

ಪುತ್ತೂರಿನವಳು
ಇದು ಒಳ್ಳೆಯ ಮಾತು. ದೊಡ್ಡ ಪಾತ್ರ ಕೇಳಿದ ಹುಡುಗನಿಗೆ ನನ್ನ ಕಡೆಯಿಂದ ಒಂದು ಚಾಕಲೇಟ್.

ಕುಂದಾಪ್ರದ ಮಾಣಿ
ಹಾಂಗಾರೆ ಯಕ್ಷಗಾನದ್ ಪ್ರಸಂಗ ಪುಸ್ತ್ಕನೂ ಇಡಿ ಕಾಂಬ. ನನ್ ಅಕ್ಕನ್ ಮಗ ಶಾಲಿಯಲ್ಲಿ ಯಕ್ಷಗಾನ ಕಲಿತಾ. ಪದ್ಯ ಎಲ್ಲ ಬಾಯ್ಪಾಠ. ಪುಸ್ತ್ಕ ಮುಟ್ಟುದಿಲ್ಲ.

ಮೂಡುಬಿದ್ರೆ ಮೇಷ್ಟ್ರು
ಅವನಿಗೆ ವೇಷದಿಂದ ಅರ್ಥಗಾರಿಕೆಗೆ, ಅಂದರೆ ಕೂತು ಮಾತಿನಲ್ಲೇ ಪಾತ್ರ ಆಡುವ ತಾಳಮದ್ದಳೆಗೆ ಬರಲು ಹೇಳಿ. ತಾಳಮದ್ದಳೆಯಲ್ಲಿ ಕೂತವನು ಓದದೆ ಹೋದರೆ ಎದುರಿನ ಅರ್ಥಧಾರಿ ಸಭೆಯಲ್ಲೇ ಬಟ್ಟೆ ಒಗೆದ ಹಾಗೆ ಒಗೆದುಬಿಡ್ತಾನೆ. ಒಮ್ಮೆ ಆ ಅನುಭವ ಆದರೆ ತಾನಾಗಿಯೇ ಭಾರತ, ರಾಮಾಯಣ ಹುಡುಕಿಕೊಂಡು ಲೈಬ್ರರಿಗೆ ಬರ್ತಾನೆ. ನಮ್ಮಲ್ಲಿ ಕೆಲವರು ಹಾಗೇ ಓದುಗರಾದದ್ದು.

ಗಾಳಿಮಳೆ
ಮೇಷ್ಟ್ರು ವಿಷಯವನ್ನು ಮೇಳಕ್ಕೆ ತಗೊಂಡು ಹೋದರು. ಇನ್ನು ಯಕ್ಷಗಾನದಲ್ಲಿ ತೆಂಕುತಿಟ್ಟು ಮೇಲಾ ಬಡಗುತಿಟ್ಟು ಮೇಲಾ ಅಂತ ಶುರುವಾಗ್ತದೆ, ಓಡಿ.

ಕುಂದಾಪ್ರದ ಮಾಣಿ
ಬಡಗೇ!

ಒರಟು ಓದುಗ
ನಾಟಕದ ವಿಷಯ ಒಪ್ಪಿದೆ. ನನ್ನ ತಕರಾರು ಉಳಿದದ್ದಕ್ಕೆ. ಲೈಬ್ರರಿಯನ್ ಕೊಡುವ ಪಟ್ಟಿ ಅಂದರೆ ‘ಒಳ್ಳೆಯ’ ಪುಸ್ತಕದ ಪಟ್ಟಿ. ಪರಿಸರ, ಮಾನವೀಯತೆ, ಸೌಹಾರ್ದ. ಮಕ್ಕಳಿಗೆ ಬೇಕಾದದ್ದು ಭೂತ, ಕೊಲೆ, ಹುಲಿ, ಕ್ರಿಕೆಟ್. ನಾನು ಓದು ಕಲಿತದ್ದು ಚಂದಮಾಮದ ಬೇತಾಳದಿಂದ, ಬಾಲಮಂಗಳದ ಡಿಂಗನಿಂದ. ಯಾವ ಮೇಷ್ಟ್ರೂ ಅದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ.

ಲೈಬ್ರರಿ ಮೇಡಂ (ಉಡುಪಿ)
ಹುಲಿ ಪಟ್ಟಿಯಲ್ಲಿ ಉಂಟಲ್ಲ, ನೀವು ಅಲ್ಲಿವರೆಗೆ ಓದಲಿಲ್ಲ. ‘ಕಾಡಿನ ಕಥೆಗಳು’ ಕೆನೆತ್ ಆಂಡರ್ಸನ್ನರದ್ದನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು. ನರಭಕ್ಷಕ, ಚಿರತೆ, ರಾತ್ರಿ ಮರದ ಮೇಲೆ ಕಾಯುವುದು, ಎಲ್ಲ ಉಂಟು. ಎಂಟನೇ ಕ್ಲಾಸಿನ ಹುಡುಗರಿಗೆ ಮೊದಲ ಎರಡು ಪುಟ ಜೋರಾಗಿ ಓದ್ತೇನೆ, ಹುಲಿ ಬರುವ ಮೊದಲು ಪುಸ್ತಕ ಮುಚ್ಚಿ "ಬೆಲ್ ಆಯಿತು" ಅಂತೇನೆ. ಬೆಲ್ ಆಗಿರುವುದಿಲ್ಲ. ಅದನ್ನು ಓದಿ ಮುಗಿಸಿದವನಿಗೆ ‘ಕರ್ವಾಲೊ’. ಅದರಲ್ಲೂ ಕಾಡು, ಅದರಲ್ಲೂ ಹುಡುಕಾಟ, ಕೊನೆಗೆ ಕಾಣುವುದು ಹಾರುವ ಓತಿ. ಮಂದಣ್ಣನ ಜೇನಿನ ಗಲಾಟೆಗೇ ಅರ್ಧ ಕ್ಲಾಸು ಬಿದ್ದುಬಿಡ್ತದೆ. ನಾಯಿ ಇಷ್ಟಪಟ್ಟವಳಿಗೆ ‘ಪರಿಸರದ ಕತೆ’, ಅದರಲ್ಲಿ ‘ಕಿವಿ’ ಅನ್ನುವ ನಾಯಿ ಸಿಗ್ತಾನೆ. ಒಂದು ಪುಸ್ತಕ ಕೊಟ್ಟು ಸುಮ್ಮನಾದರೆ ಪ್ರಯೋಜನ ಇಲ್ಲ, ಅದು ವಾಪಸ್ ಬರುವಾಗ ಮುಂದಿನದ್ದು ನಮ್ಮ ಕೈಯಲ್ಲಿ ರೆಡಿ ಇರಬೇಕು.

‘ತೊತ್ತೋಚಾನ್’ ಬಗ್ಗೆ ಒಂದು ಮಾತು. ರೈಲು ಬೋಗಿಯಲ್ಲಿ ನಡೆಯುವ ಶಾಲೆ ಎಲ್ಲರಿಗೂ ಇಷ್ಟ. ನಮ್ಮ ಮಕ್ಕಳು ಮಾತ್ರ ನಿಲ್ಲುವುದು ಬುತ್ತಿಯಲ್ಲಿ. ಅಲ್ಲಿನ ಹೆಡ್‌ಮಾಸ್ಟರು ಬುತ್ತಿಯಲ್ಲಿ ಸಮುದ್ರದ್ದು ಸ್ವಲ್ಪ, ಬೆಟ್ಟದ್ದು ಸ್ವಲ್ಪ ಇರಲಿ ಅಂತಾರಲ್ಲ, ಅದನ್ನು ಓದಿದ ದಿನ ಆರನೇ ಕ್ಲಾಸಿನಲ್ಲಿ ದೊಡ್ಡ ಚರ್ಚೆ. ಮಲ್ಪೆ ಹುಡುಗಿ "ನಂಗೆ ಸಮುದ್ರದ್ದು ದಿನಾ ಉಂಟು" ಅಂದಳು. ಸಸ್ಯಾಹಾರಿ ಮನೆಯ ಹುಡುಗನಿಗೆ ಚಿಂತೆ. ಕೊನೆಗೆ ಉಪ್ಪು ಸಮುದ್ರದ್ದೇ ಅಂತ ಅವರವರೇ ತೀರ್ಮಾನ ಮಾಡಿಕೊಂಡರು.

ಬಜಪೆ ಅಪ್ಪ
ಉಪ್ಪು! 😂 ವಕೀಲ ಆಗ್ತಾನೆ ಅವನು.

ಹಳೆ ಕಪಾಟು
ನೀವೆಲ್ಲ ಯಾವ ಪುಸ್ತಕ ಅಂತ ಜಗಳ ಆಡ್ತಿದ್ದೀರಿ, ಪುಣ್ಯವಂತರು. ನಾನು ಸರಕಾರಿ ಶಾಲೆಯ ಟೀಚರ್, ಊರು ಹೇಳುವುದಿಲ್ಲ. ಲೈಬ್ರರಿಯನ್ ಹುದ್ದೆ ಇಲ್ಲ. ಪಾಠ, ಬಿಸಿಯೂಟ, ಗಣತಿ ಎಲ್ಲ ಆದ ಮೇಲೆ ಉಳಿದ ಟೀಚರಿಗೆ ‘ಗ್ರಂಥಾಲಯ ಪ್ರಭಾರ’. ಪುಸ್ತಕ ಬಂದಿದೆ, ಇಲ್ಲ ಅಂತಲ್ಲ. ಆದರೆ ಒಂದು ಪುಸ್ತಕ ಕಾಣೆಯಾದರೆ ದಾಖಲೆಯಲ್ಲಿ ಉತ್ತರ ಕೊಡಬೇಕಾದವರು ಪ್ರಭಾರದವರು. ಹಿಂದಿನವರು ಕೈಯಿಂದ ದುಡ್ಡು ಕಟ್ಟಿದ್ದರಂತೆ. ಆಮೇಲೆ ಯಾರು ಬೀಗ ತೆಗೀತಾರೆ? ವರ್ಷಕ್ಕೊಮ್ಮೆ ತಪಾಸಣೆಗೆ ತೆಗೆದು, ಒರೆಸಿ, ಲೆಕ್ಕ ಒಪ್ಪಿಸಿ, ಮತ್ತೆ ಬೀಗ. ಹರಿಯದ, ಕೊಳೆಯಾಗದ, ಅಚ್ಚುಕಟ್ಟಾದ ಲೈಬ್ರರಿ ನಮ್ಮದು.

ಲೈಬ್ರರಿ ಮೇಡಂ (ಉಡುಪಿ)
ಕೇಳಿ ಹೊಟ್ಟೆ ಉರಿಯಿತು ಟೀಚರೇ. ನಮ್ಮಲ್ಲಿ ಕಳೆದುಹೋದದ್ದನ್ನು, ಹರಿದದ್ದನ್ನು ವರ್ಷದ ಕೊನೆಗೆ ಪಟ್ಟಿ ಮಾಡಿ ರಿಜಿಸ್ಟರಿನಿಂದ ತೆಗೆಯಲು ಅನುಮತಿ ಉಂಟು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಠರಾವು ಮಾಡಿಸಲು ಆಗ್ತದಾ ನೋಡಿ. ಲಿಖಿತದಲ್ಲಿ ಇದ್ದರೆ ನಿಮಗೂ ಧೈರ್ಯ.

ಕಡಲಕರೆ
ಅಷ್ಟರವರೆಗೆ ಮಕ್ಕಳನ್ನು ಪಂಚಾಯತ್ ಲೈಬ್ರರಿಗೆ ಕಳಿಸಿ. 2020ರಲ್ಲಿ ‘ಓದುವ ಬೆಳಕು’ ಅಂತ ಶುರು ಮಾಡಿದ್ದಲ್ವಾ, ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತ ಇರ್ತದೆ. ಎಲ್ಲ ಕಡೆ ಒಂದೇ ರೀತಿ ಇಲ್ಲ, ಮೇಲ್ವಿಚಾರಕರ ಮೇಲೆ ಹೋಗ್ತದೆ. ನಮ್ಮ ಹತ್ತಿರದ್ದರಲ್ಲಿ ಸಂಜೆ ಮಕ್ಕಳು ಚಾಪೆ ಹಾಸಿ ಕೂತಿರ್ತಾರೆ.

ನುಸಿಗುಳಿಗೆ
ಪುಸ್ತಕ ತರಿಸುವ ಮೊದಲು ಇಡುವ ಜಾಗ ನೋಡಿ ಮಾರಾಯ್ರೆ. ಜೂನ್, ಜುಲೈ ನಮ್ಮ ಮಳೆಗೆ ಬೂಷ್ಟು ಬಾರದ ಪುಸ್ತಕ ಯಾವುದುಂಟು? ಕಪಾಟನ್ನು ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ, ಗಾಳಿ ಆಡಬೇಕು. ಚೆಂದಕ್ಕೆ ಅಂತ ಪ್ಲಾಸ್ಟಿಕ್ ಹೊದಿಕೆ ಹಾಕ್ತಾರಲ್ಲ, ಒದ್ದೆ ಕೈಯಲ್ಲಿ ಮುಟ್ಟಿದ್ದು ಒಳಗೇ ಕೂತು ರಟ್ಟು ಕಪ್ಪಾಗ್ತದೆ. ಬೂಷ್ಟು ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೂ ಹರಡ್ತದೆ. ಫ್ಯಾನಿನ ಕೆಳಗೆ ಬಿಡಿಸಿ ಒಣಗಿಸಿ, ಆಮೇಲೆ ಹೊರಗೆ ತಗೊಂಡು ಹೋಗಿ ಬ್ರಶ್ಶಿನಲ್ಲಿ ತೆಗೀರಿ. ಒರಲೆ ಬಂದರೆ ಮಾತ್ರ ಆ ಕಪಾಟು ಪೂರ್ತಿ ಖಾಲಿ ಮಾಡಬೇಕು, ಬೇರೆ ದಾರಿ ಇಲ್ಲ.

ಗಾಳಿಮಳೆ
ಮಳೆ ಅಂದಾಗ ನೆನಪಾಯಿತು, ನಾಳೆ ಡಿಸಿ ರಜೆ ಕೊಟ್ಟರಾ?

ಕುಂದಾಪ್ರದ ಮಾಣಿ
ಇನ್ನೂ ಇಲ್ಲೆ ಅಂಬ್ರ್.

ಪುತ್ತೂರಿನವಳು
ಇಲ್ಲಿ ಪುಸ್ತಕದ ವಿಷಯ ನಡೀತಾ ಉಂಟು!

ಒರಟು ಓದುಗ
ಸರಿ, ಪುಸ್ತಕಕ್ಕೇ ಬರುವಾ. ಲೈಬ್ರರಿಯವರೆಲ್ಲ ತಲೆಬಾಗುವ ರಂಗನಾಥನ್ನರು ಮಂಗಳೂರಿನಲ್ಲೇ ಲೈಬ್ರರಿಯನ್ ಆಗಿದ್ದವರಂತೆ. ಅವರ ಸೂತ್ರ ‘ಪ್ರತಿ ಓದುಗನಿಗೆ ಅವನ ಪುಸ್ತಕ’. ‘ಪ್ರತಿ ಓದುಗನಿಗೆ ಮೇಡಂ ಮೆಚ್ಚಿದ ಪುಸ್ತಕ’ ಅಂತ ಅವರು ಹೇಳಿಲ್ಲ.

ಲೈಬ್ರರಿ ಮೇಡಂ (ಉಡುಪಿ)
ಮಂಗಳೂರಿನಲ್ಲಿ ಅವರು ಲೈಬ್ರರಿಯನ್ ಆಗಿರಲಿಲ್ಲ. 1917ರಲ್ಲಿ ಸರಕಾರಿ ಕಾಲೇಜಿಗೆ ಬಂದದ್ದು ಗಣಿತ ಪಾಠ ಮಾಡಲು. ಲೈಬ್ರರಿ ಕೆಲಸ ಆಮೇಲೆ, ಮದ್ರಾಸಿನಲ್ಲಿ. ಸೂತ್ರದ ಪುಸ್ತಕ 1931ರದ್ದು. ನೀವು ಹೇಳಿದ್ದು ಎರಡನೆಯ ಸೂತ್ರ. ಮೂರನೆಯದ್ದು ‘ಪ್ರತಿ ಪುಸ್ತಕಕ್ಕೆ ಅದರ ಓದುಗ’. ಹಾಲಾಡಿಯವರದ್ದೋ ಬೀಗಾರರದ್ದೋ ಪುಸ್ತಕ ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತರೆ ಯಾವ ಮಗುವಿಗೆ ಗೊತ್ತಾಗ್ತದೆ? ಅದಕ್ಕೆ ಓದುಗನನ್ನು ಹುಡುಕುವುದೇ ನನಗೆ ಸಂಬಳ ಕೊಡುವ ಕೆಲಸ. ಬೇತಾಳ ಕೇಳಿದವನಿಗೆ ಬೇತಾಳ ಕೊಡ್ತೇನೆ, ಪಕ್ಕದಲ್ಲಿ ಇನ್ನೊಂದನ್ನೂ ಇಡ್ತೇನೆ. ತಗೊಂಡರೆ ತಗೊಳ್ಳಲಿ. ಅರ್ಧ ಓದಿ ವಾಪಸ್ ಕೊಟ್ಟರೂ ಯಾಕೆ ಅಂತ ಕೇಳುವುದಿಲ್ಲ, ಸಾರಾಂಶ ಬರಿ ಅನ್ನುವುದಿಲ್ಲ.

ಒರಟು ಓದುಗ
ಸಾರಾಂಶ ಬರೆಸುವುದಿಲ್ಲ ಅಂದಿರಲ್ಲ, ಅಷ್ಟಕ್ಕೇ ನಿಮ್ಮ ಪಟ್ಟಿ ಮಾಫಿ.

ಉಳ್ಳಾಲದ ಅಮ್ಮ
ನಮ್ಮ ಶಾಲೆಯಲ್ಲಿ ಬರೆಸ್ತಾರೆ. ಮಗಳು ಹಿಂದಿನ ಮುಖಪುಟ ನೋಡಿ ಬರೀತಾಳೆ 🙈 ಮೇಡಂ, ಆ ನಾಟಕದ ಪುಸ್ತಕ ಮಂಗಳೂರಿನಲ್ಲಿ ಎಲ್ಲಿ ಸಿಗ್ತದೆ?

ಪುತ್ತೂರಿನವಳು
ನವಕರ್ನಾಟಕದಲ್ಲಿ ಕೇಳಿ. ಇಲ್ಲದಿದ್ದರೆ ಹೇಳಿಟ್ಟರೆ ತರಿಸಿ ಕೊಡ್ತಾರೆ. ಅತ್ರಿ ಪುಸ್ತಕದಂಗಡಿ ಇದ್ದಿದ್ದರೆ ಒಳಗೆ ಹೋಗಿ ಕೈಯಾಡಿಸಿ ಬರಬಹುದಿತ್ತು, 2012ರಲ್ಲಿ ಮುಚ್ಚಿದ ಮೇಲೆ ಆ ಸುಖ ಹೋಯಿತು.

ಮೂಡುಬಿದ್ರೆ ಮೇಷ್ಟ್ರು
ಅತ್ರಿ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡಿ, ಇಲ್ಲಿ ಮುಗಿಯುವುದಿಲ್ಲ.

ಲೈಬ್ರರಿ ಮೇಡಂ (ಉಡುಪಿ)
ಎಲ್ಲ ಓದಿದೆ. ಆರ್ಡರ್ ಹೀಗೆ ಮಾಡ್ತೇನೆ. ನಾಟಕಗಳು ಐದೈದು ಪ್ರತಿ. ‘ಸೂರಕ್ಕಿ ಗೇಟ್’, ‘ಬಾವಲಿ ಗುಹೆ’, ‘ತೊತ್ತೋಚಾನ್’, ‘ಕಾಡಿನ ಕಥೆಗಳು’ ನಾಲ್ಕು ನಾಲ್ಕು. ಬಿಳಿಗೆರೆ, ಹಂದಿಹಾಳ, ಬೇವಿನಗಿಡದ ಎರಡೆರಡು. ಬೊಳುವಾರರ ಪಾಪು ಗಾಂಧಿ ಸೇರಿಸಿದೆ, ಪಳಕಳದವರ ಪದ್ಯ ಸಿಕ್ಕಿದರೆ ಅದೂ. ಪ್ರಸಂಗ ಪುಸ್ತಕ ಎರಡು, ತೆಂಕು ಒಂದು ಬಡಗು ಒಂದು, ಜಗಳ ಬೇಡ. ‘ಬಾಲ ಪ್ರಪಂಚ’ ನಮ್ಮಲ್ಲಿ ಹಳೆಯ ಪ್ರತಿ ಉಂಟು ಮೇಷ್ಟ್ರೇ, ನುಸಿಗುಳಿಗೆಯವರು ಹೇಳಿದ ಹಾಗೆ ಫ್ಯಾನಿನ ಕೆಳಗೆ ಇಡಿಸ್ತೇನೆ. ಕ್ವಿಜ್ ಪುಸ್ತಕ ಇಲ್ಲ. ಅದರ ಬದಲು ನಾಗೇಶ ಹೆಗಡೆಯವರ ವಿಜ್ಞಾನದ ಪುಸ್ತಕ ಎರಡು, ಬಜಪೆಯವರ ಮಗನಂಥವರಿಗೆ.

ಹೆಸರು ಕಮ್ಮಿಯಾಯಿತು ಅಂತ ಆಡಳಿತದವರು ಕೇಳಿದರೆ ಮೊನ್ನೆಯ ಇಶ್ಯೂ ರಿಜಿಸ್ಟರ್ ತೋರಿಸ್ತೇನೆ.

ಬಜಪೆ ಅಪ್ಪ
ಆಗಲಿ, ಸೋತೆ. ಆ ನರಭಕ್ಷಕ ಹುಲಿಯದ್ದು ಯಾವ ಭಾಗದಿಂದ ಶುರು ಮಾಡುವುದು? ಮಗನಿಗಲ್ಲ, ನನಗೆ.

ಒರಟು ಓದುಗ
ನಾಲ್ಕು ಭಾಗ ಉಂಟು, ಯಾವುದನ್ನೂ ಮೊದಲು ಓದಬಹುದು. ‘ಬೆಳ್ಳಂದೂರಿನ ನರಭಕ್ಷಕ’ ತಗೊಳ್ಳಿ. ಆಮೇಲೆ ಮಾಗಡಿ ಚಿರತೆ.

ಗಾಳಿಮಳೆ
ರಜೆ ಕೊಟ್ಟರು! ಉಡುಪಿಗೆ ಮಾತ್ರ. ಮಂಗಳೂರಿನವರು ಕೊಡೆ ಹುಡುಕಿ.